ಐದನೇ ಜ್ವರ

ರೇಷ್ಮೆಹುಳು ಸೊಪ್ಪಿನ ಜೊತೆಗೆ ಕೆಟ್ಟುಹೋದ ಮೊಬೈಲನ್ನೂ ತಿನ್ನುವಂತಾದರೆ ಏನಾಗುತ್ತದೆ? ವಿಶೇಷವೇನಿಲ್ಲ, ಗೂಡು ಕಟ್ಟುತ್ತದೆ. ಆದರೆ ಅಂಥ ಗೂಡಿನ ಒಂದೇ ಒಂದು ಬುಟ್ಟಿ ಹೇರಿಕೊಂಡು ಹೊರಟ ಟೆಂಪೊ ಕೊಂಡೇನಹಳ್ಳಿಯ ಕೆರೆ ಏರಿಯ ಮೇಲೆ ಅಚ್ಚು ಮುರಿದುಕೊಂಡು ಕೂತಿತು. ಅದನ್ನು ಎಬ್ಬಿಸಲು ಬಂದ ಟ್ರ್ಯಾಕ್ಟರೂ ಅದರ ಪಕ್ಕದಲ್ಲೇ ಕೂತಿತು. ಕಣ್ಣಾರೆ ಕಂಡವರು ಇನ್ನೂ ಇದ್ದಾರೆ.

ಭೂಮಿಯ ಗಣಿಗಳೆಲ್ಲ ಬರಿದಾದ ಕಾಲ ಅದು. ಲೋಹ ಬೇಕಾದವರು ಹಳೆಯ ಸಾಮಾನಿನಿಂದಲೇ ತೆಗೆದುಕೊಳ್ಳಬೇಕೆಂದು ಲೋಕದ ಸರ್ಕಾರಗಳೆಲ್ಲ ಒಪ್ಪಿಕೊಂಡಿದ್ದವು. ಮೊದಮೊದಲು ಬಡವರು ಹಿತ್ತಿಲಲ್ಲಿ ಕಂಪ್ಯೂಟರಿನ ಸರ್ಕಿಟ್ ಹಲಗೆಗಳನ್ನು ಆಸಿಡ್ಡಿನಲ್ಲಿ ಅದ್ದಿ, ಸುಟ್ಟು, ಕೆಮ್ಮಿ ಕೆಮ್ಮಿ ಸತ್ತರು. ಆಮೇಲೆ ಯಾವನೋ ಪುಣ್ಯಾತ್ಮ ಲೋಹ ಕರಗಿಸುವ ಬ್ಯಾಕ್ಟೀರಿಯಾವನ್ನು ರೇಷ್ಮೆಹುಳುವಿನ ಹೊಟ್ಟೆಯೊಳಗೆ ಮನೆಮಾಡಿಸಿದ. ಹಲಗೆಗಳನ್ನು ಹಿಟ್ಟಿನಂತೆ ಬೀಸಿ, ಬೆಲ್ಲದ ನೀರಿಗೆ ಕಲಸಿ, ಹಿಪ್ಪುನೇರಳೆ ಸೊಪ್ಪಿನ ಮೇಲೆ ಚಿಮುಕಿಸಿದರೆ ಹುಳು ತಿನ್ನುತ್ತದೆ. ಸೀಸ ಮುಂತಾದ ವಿಷವೆಲ್ಲ ಹಿಕ್ಕೆಯಲ್ಲಿ ಹೋಗುತ್ತದೆ. ಒಳ್ಳೆಯ ಲೋಹವೆಲ್ಲ ನೂಲಿನ ಜೊತೆ ಬಾಯಿಂದ ಬರುತ್ತದೆ. ಗೂಡಿನ ಮೇಲಿನ ಹತ್ತಿಯಂಥ ಜುಂಗಿನಲ್ಲಿ ತವರ, ನಡುವಿನ ಎಳೆಯಲ್ಲಿ ತಾಮ್ರ, ಅದರ ಒಳಗೆ ಬಂಗಾರ. ಎಲ್ಲಕ್ಕಿಂತ ಒಳಗೆ, ಹುಳುವಿನ ಮೈಗೆ ಅಂಟಿದ ಪೊರೆಯಲ್ಲಿ, ಮೂಗಿನ ಮೇಲಿನ ಬೆವರಿನಷ್ಟು ಪ್ಲಾಟಿನಂ.

ಇಂಥ ಹುಳುವನ್ನು ಸಾಕುವುದರಲ್ಲಿ ಕೊಂಡೇನಹಳ್ಳಿಯ ಸೊಣ್ಣಮ್ಮನಿಗೆ ಸಮನಾದವರು ಶಿಡ್ಲಘಟ್ಟದಿಂದ ಹಿಡಿದು ಚೀನಾದವರೆಗೆ ಇರಲಿಲ್ಲ. ಹುಳುವಿಗೆ ನೆಗಡಿಯಾದರೆ ಅವಳಿಗೆ ಬೀದಿಯ ಆಚೆಯಿಂದಲೇ ಗೊತ್ತಾಗುತ್ತಿತ್ತು. ತಟ್ಟೆಯ ಮುಂದೆ ನಿಂತು ಅವಳು ಹುಬ್ಬು ಗಂಟಿಕ್ಕಿದರೆ ಸೋಮಾರಿ ಹುಳುಗಳು ಎದ್ದು ತಿನ್ನಲು ಶುರುಮಾಡುತ್ತಿದ್ದವು.

ಅವಳ ಗಂಡ ಗಂಗುಲಪ್ಪನ ಹೆಚ್ಚುಗಾರಿಕೆ ಬೇರೆ. ಅವನ ಬಾಯಿ ಮುಚ್ಚಿದ್ದನ್ನು ಹೆತ್ತ ತಾಯಿ ಪಿಳ್ಳಮ್ಮನೂ ಕಂಡಿರಲಿಲ್ಲ. ನಿದ್ದೆಯಲ್ಲೂ ಮಾತಾಡುತ್ತಿದ್ದ. ನಿದ್ದೆಯಲ್ಲಿ ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಎದ್ದಮೇಲೆ ಮುಂದುವರಿಸುತ್ತಿದ್ದ. ಅವನು ಬಸ್ ನಿಲ್ದಾಣದಲ್ಲಿ ಕಥೆ ತೆಗೆದರೆ ಬಸ್ಸುಗಳು ಹೊರಡುವುದನ್ನೇ ಮರೆಯುತ್ತಿದ್ದವು. ಆ ಬಾಯಿಯ ಕೆಳಗೆ, ಕುತ್ತಿಗೆಯ ಮೂಳೆಯಿಂದ ನಾಲ್ಕು ಬೆರಳು ಇಳಿದರೆ, ಚರ್ಮದ ಒಳಗೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ ಇತ್ತು. ಅವನ ಗುಂಡಿಗೆ ತಾನಾಗಿ ಸರಿಯಾಗಿ ಹೊಡೆಯದು, ಡಬ್ಬಿ ಹೊಡೆಸಬೇಕು. ಹೊಸ ಬಗೆಯ ಡಬ್ಬಿ ಅದು. ಒಂದೊಂದು ಬಡಿತಕ್ಕೂ ಬೆಂಗಳೂರಿನ ಆಸ್ಪತ್ರೆಗೆ ತಾನೇ ಒಂದು ರೇಡಿಯೊ ಸುದ್ದಿ ಕಳಿಸುತ್ತಿತ್ತು. ಗಂಡನ ಬಾಯಷ್ಟೇ ಅಲ್ಲ, ಎದೆಯೂ ಮಾತು ನಿಲ್ಲಿಸುವುದಿಲ್ಲವೆಂದು ಸೊಣ್ಣಮ್ಮ ನೆಂಟರ ಮುಂದೆ ಆಡಿಕೊಳ್ಳುತ್ತಿದ್ದಳು.

ಆ ಡಬ್ಬಿಯ ಬ್ಯಾಟರಿ ಮುಗಿಯುತ್ತ ಬಂತು. ಆಡಿಕೊಳ್ಳುವುದು ಅಲ್ಲಿಗೆ ನಿಂತಿತು.

ಹೊಸ ಡಬ್ಬಿ ಮಾಡಿಕೊಡುತ್ತೇವೆ, ಒಳಗಿನ ತಂತಿಯ ತುದಿಗೆ ಬೇಕಾದ ಪ್ಲಾಟಿನಂ ನೀವೇ ತನ್ನಿ ಎಂದಿತು ಆಸ್ಪತ್ರೆ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ತಾಳಿ ಮಾಡಿಸುವಾಗ ಅಕ್ಕಸಾಲಿಗೆ ನಮ್ಮ ಬಂಗಾರವನ್ನು ನಾವೇ ಕೊಡುವುದಿಲ್ಲವೆ, ಹಾಗೆ. ಎಲ್ಲರಿಗೂ ಆಗ ಅದೇ ನಿಯಮ. ಹಳೆಯ ಡಬ್ಬಿಯನ್ನೇ ಕರಗಿಸೋಣವೆಂದರೆ ಅದು ಇನ್ನೂ ಎದೆಯಲ್ಲಿ ಕೂತು ಹೊಡೆಯುತ್ತಿದೆ. ಸೊಣ್ಣಮ್ಮ ಈ ಸಲ ಸಾಕಿದ ಹುಳುವೆಲ್ಲ ಚೆನ್ನಾಗಿ ಗೂಡಾದರೆ ಒಳಪೊರೆಯ ಪ್ಲಾಟಿನಂ ಒಂದು ಡಬ್ಬಿಗೆ ಸರಿಹೋಗುತ್ತದೆಂದು ಪಟ್ಟಣದ ಲೋಹರೇಷ್ಮೆ ಕೇಂದ್ರದ ಡಾಕ್ಟರ್ ಫಣಿಭೂಷಣ್ ಹೇಳಿದ್ದರು. ಇನ್ನೊಂದು ಬೆಳೆ ತೆಗೆಯುವಷ್ಟು ಕಾಲ ಬ್ಯಾಟರಿ ಬರುವುದಿಲ್ಲ. ಈ ಹುಳು ಗೂಡಾಗಬೇಕು, ಇಲ್ಲದಿದ್ದರೆ ಗಂಗುಲಪ್ಪ ಇಲ್ಲ. ಲೆಕ್ಕ ಇಷ್ಟೇ.

ರೇಷ್ಮೆಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ. ಮೈಯ ತೊಗಲು ಬಿಗಿಯಾದಾಗ ಹುಳು ತಿನ್ನುವುದು ಬಿಟ್ಟು, ತಲೆ ಎತ್ತಿ, ಕಲ್ಲಿನಂತೆ ಕೂರುತ್ತದೆ. ತೊಗಲು ಕಳಚಿಕೊಂಡು ಎದ್ದಮೇಲೆ ಮತ್ತೆ ತಿನ್ನುತ್ತದೆ. ನಾಲ್ಕನೆಯದು ದೊಡ್ಡ ಜ್ವರ. ಅದರಿಂದ ಎದ್ದಮೇಲಿನ ಹಸಿವೆಂದರೆ ಹಸಿವು. ಸೊಣ್ಣಮ್ಮನ ಹುಳುಮನೆಯಲ್ಲಿ ಆಗ ಹತ್ತು ಮದುವೆಯವರು ಒಟ್ಟಿಗೆ ಹಪ್ಪಳ ಮುರಿದಷ್ಟು ಸದ್ದು. ಅವಳು ಸೊಪ್ಪು ಹಾಕಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ತಟ್ಟೆ ಖಾಲಿ. ಒಂದು ದಿನ ಅವಳ ಕೈಬಳೆ ತಟ್ಟೆಗೆ ಬಿದ್ದು, ಬಗ್ಗಿ ಎತ್ತಿಕೊಳ್ಳುವ ಮೊದಲೇ ಉಂಗುರವಾಗಿಹೋಗಿತ್ತು.

ಪರೀಕ್ಷೆಗೆಂದು ಇರಿಸಿಕೊಂಡಿದ್ದ ಗಂಗುಲಪ್ಪನನ್ನು ಅದೇ ವಾರ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಅಲುಗಾಡದೆ ತಂಪಿನಲ್ಲಿ ಮಲಗಿರಬೇಕೆಂದಿದ್ದರು. ಊರಿಗೆಲ್ಲ ತಂಪಾದ ಜಾಗವೆಂದರೆ ಗೋಣಿತಾಟು ಒದ್ದೆಮಾಡಿ ಕಟ್ಟಿದ ಸೊಣ್ಣಮ್ಮನ ಹುಳುಮನೆ. ಅಲ್ಲೇ ಬಾಗಿಲ ಪಕ್ಕ ಮಂಚ ಹಾಕಿದರು.

ಮಾರನೆಯ ಬೆಳಿಗ್ಗೆ ಸೊಣ್ಣಮ್ಮ ಸೊಪ್ಪಿನ ಹೊರೆ ಹೊತ್ತು ಒಳಗೆ ಬಂದವಳು ಹಾಗೇ ನಿಂತಳು. ಹಪ್ಪಳದ ಸದ್ದು ನಿಂತುಹೋಗಿತ್ತು. ಅಟ್ಟಣಿಗೆಯ ಅಷ್ಟೂ ತಟ್ಟೆಗಳಲ್ಲಿ ಅಷ್ಟೂ ಹುಳುಗಳು ತಲೆ ಎತ್ತಿಕೊಂಡು ಕೂತಿದ್ದವು. ಎಲ್ಲದರ ಮೈಯಲ್ಲೂ ಸಣ್ಣಗೆ, ಒಟ್ಟೊಟ್ಟಿಗೆ, ಬಿಟ್ಟು ಬಿಟ್ಟು ಒಂದು ನಡುಕ.

ಜ್ವರ, ಅಂದುಕೊಂಡಳು. ಅವಳ ತಾಯಿ, ಅಜ್ಜಿ, ಅಜ್ಜಿಯ ಅಜ್ಜಿ ಬಂದರೂ ಅದನ್ನೇ ಅನ್ನುತ್ತಿದ್ದರು. ತಲೆ ಎತ್ತಿದ ಹುಳು ಜ್ವರದ ಹುಳು.

ಪಿಳ್ಳಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ತಟ್ಟೆ ತಟ್ಟೆಯನ್ನೂ ಬಗ್ಗಿ ನೋಡಿದಳು. "ಐದನೇ ಜ್ವರ ಅನ್ನೋದು ನಾನು ಹುಟ್ಟಿದಾಗ್ನಿಂದ ಕೇಳಿಲ್ಲ ಕಣಮ್ಮ."

"ಮೊಬೈಲು ತಿನ್ನೋ ಹುಳಾನೂ ನೀನು ಕೇಳಿರ್ಲಿಲ್ಲ ಅತ್ತೆ," ಎಂದಳು ಸೊಣ್ಣಮ್ಮ. ಮದುವೆಯಾಗಿ ಬಂದಮೇಲೆ ಅತ್ತೆಯನ್ನು ಸುಮ್ಮನಿರಿಸಿದ್ದು ಅದೇ ಮೊದಲು. ಆದರೂ ಸೊಣ್ಣಮ್ಮನಿಗೆ ಅದರ ಸುಖ ಹತ್ತಲಿಲ್ಲ.

ಜ್ವರದ ಹುಳುವಿಗೆ ಮಾಡಬೇಕಾದ್ದನ್ನೆಲ್ಲ ಮಾಡಿದಳು. ಸೊಪ್ಪು ನಿಲ್ಲಿಸಿದಳು. ತಟ್ಟೆಗಳ ಮೇಲೆ ಸುಣ್ಣ ಉದುರಿಸಿದಳು. ಮೇಲ್ವಿಚಾರಣೆಗೆ ಕೇಂದ್ರದವರು ಗೋಡೆಗೆ ಹೊಡೆದಿದ್ದ ಯಂತ್ರದ ಮೇಲೂ ಬಟ್ಟೆ ಹೊದಿಸಿ, ಅದು ಕೂಗಿಕೊಂಡದ್ದರಿಂದ ತೆಗೆದಳು. ಇನ್ನೊಂದು ಪದ್ಧತಿ ಇತ್ತು. ಹುಳು ಜ್ವರಕ್ಕೆ ಕೂತಾಗ ಮನೆಯ ಯಜಮಾನ ಹುಳುಮನೆಯಲ್ಲೇ ಮಲಗಿ, ಹಲ್ಲಿ ಇರುವೆ ಬರದಂತೆ ಕಾಯಬೇಕು, ತುಟಿ ಪಿಟಕ್ಕೆನ್ನಬಾರದು. ಯಜಮಾನ ಹೇಗೂ ಅಲ್ಲೇ ಮಲಗಿದ್ದ. ಸೊಣ್ಣಮ್ಮ ಮಂಚವನ್ನು ಬಾಗಿಲಿನಿಂದ ಎಳೆದು ಅಟ್ಟಣಿಗೆಗಳ ನಟ್ಟನಡುವೆ ಹಾಕಿದಳು.

ನಡುಕ ಹೆಚ್ಚಾಯಿತು. ಜ್ವರ ಏರುತ್ತಿದೆ ಅಂದುಕೊಂಡಳು.

ಗಂಗುಲಪ್ಪ ಸುಮ್ಮನಿದ್ದ. ಹುಟ್ಟಿದಮೇಲೆ ಮೊದಲ ಸಲ ಬಾಯಿ ಕಟ್ಟಿಕೊಂಡು ಮಲಗಿದ. ಊರಿನ ನಾಯಿಗಳು ಏನೋ ಕೆಟ್ಟದಾಗಿದೆಯೆಂದು ಹುಳುಮನೆಯ ಮುಂದೆ ಬಂದು ಕೂತವು. ಆ ಮೌನದಲ್ಲಿ ಅವನ ಎದೆಯ ಡಬ್ಬಿಯ ಎಚ್ಚರಿಕೆಯ ಸದ್ದು ಸೊಣ್ಣಮ್ಮನಿಗೆ ಮೊದಲ ಬಾರಿ ಕೇಳಿಸಿತು. ದಿನಾ ಬೆಳಿಗ್ಗೆ ಅದು ಚರ್ಮದ ಒಳಗಿನಿಂದ ಮಿಡತೆಯ ಹಾಗೆ ಕೂಗುತ್ತಿತ್ತಂತೆ. ಅವನು ಅದನ್ನು ಮುಚ್ಚಿಡಲು ಆ ಹೊತ್ತಿಗೆ ಇನ್ನಷ್ಟು ಜೋರಾಗಿ ಮಾತಾಡುತ್ತಿದ್ದನಂತೆ. ಅವಳು ಏನೂ ಕೇಳಲಿಲ್ಲ. ಅವನು ಏನೂ ಹೇಳಲಿಲ್ಲ. ಹೇಳಿದರೆ ಹುಳು ಬೆದರುತ್ತವಲ್ಲ.

ಹುಳು ಜ್ವರ ಬಿಟ್ಟು ಏಳಲೇ ಇಲ್ಲ. ತಲೆ ಎತ್ತಿದ ಹುಳುಗಳು ಹಾಗೇ ಬತ್ತತೊಡಗಿದವು. ಕೆಳಗಿನ ತಟ್ಟೆಯಲ್ಲಿ ಕೆಲವು ಕಪ್ಪಾಗಿ ಬಿದ್ದವು. ಸೊಣ್ಣಮ್ಮ ಒಂದು ಹಿಡಿ ಹುಳುವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡಳು. ಸ್ಟೀಲಿನದಾದರೆ ದಾರಿಯಲ್ಲೇ ತೂತು ಬೀಳುತ್ತಿತ್ತು. ಬೆಳಗಿನ ಬಸ್ಸು ಹತ್ತಿ ಪಟ್ಟಣಕ್ಕೆ ಹೋದಳು. ಕೈಯೊಳಗಿನ ಡಬ್ಬಿಯನ್ನು ಅವಳು ಹಿಡಿದುಕೊಂಡ ಬಿಗಿಗೆ ಪಕ್ಕದವರು, ಒಳಗೆ ಯಾರದೋ ಪ್ರಾಣವಿದೆಯೆಂದು ಜಾಗ ಬಿಟ್ಟು ಕೂತರು.

ಲೋಹರೇಷ್ಮೆ ಕೇಂದ್ರವನ್ನು ಜನ ಗುಜರಿ ಆಫೀಸು ಎನ್ನುತ್ತಿದ್ದರು. ಅದರ ಒಳಕೋಣೆಯ ಒಂದು ಗೋಡೆಯ ತುಂಬ ಪರದೆಗಳು. ಸುತ್ತಲಿನ ಹಳ್ಳಿಗಳ ಅಷ್ಟೂ ಹುಳುಮನೆಗಳ ಶಾಖ, ತೇವ, ಮೇವು ಅಲ್ಲಿ ಬಣ್ಣಬಣ್ಣದ ಗೆರೆಗಳಾಗಿ ಹರಿಯುತ್ತಿದ್ದವು. ಸೊಣ್ಣಮ್ಮನ ಹುಳುಮನೆಯ ಮೇವಿನ ಗೆರೆ ಹೊಸಿಲಿನಂತೆ ಚಪ್ಪಟೆ. ಅದರ ಮೇಲಿನ ಇನ್ನೊಂದು ಗೆರೆಯಲ್ಲಿ ಮಾತ್ರ ಟಕ್, ಟಕ್ ಎಂದು ಸಣ್ಣ ಮುಳ್ಳುಗಳು ಏಳುತ್ತಿದ್ದವು. ಪರದೆ ನೋಡಿಕೊಳ್ಳುವ ತಬಸ್ಸುಮ್ ಎಂಬ ಹುಡುಗಿ, ಇದು ನಾಲ್ಕೈದು ದಿನದಿಂದ ಹೀಗೇ ಇದೆ ಸರ್, ಎಂದಳು. ತಂತಿಗೆ ಗೆದ್ದಲು ಹತ್ತಿರಬೇಕು, ಸೋಸಿ ತೆಗೆದುಹಾಕಿ ನೋಡು, ಎಂದರು ಫಣಿಭೂಷಣ್. ಅವಳು ಒಂದು ಗುಂಡಿ ಒತ್ತಿದಳು. ಮುಳ್ಳುಗಳು ಹೋದವು, ಗೆರೆ ನುಣ್ಣಗಾಯಿತು.

ಫಣಿಭೂಷಣ್ ಕೆಟ್ಟವರಲ್ಲ. ಸೊಣ್ಣಮ್ಮನಿಗೆ ಕುರ್ಚಿ ಕೊಟ್ಟು, ಟೀ ತರಿಸಿ, ಡಬ್ಬಿಯ ಮುಚ್ಚಳ ತೆಗೆದರು. ತೆಗೆದು ನೋಡಿದರೆ ಹುಳುಗಳು ತಲೆ ಇಳಿಸಿಕೊಂಡು ಡಬ್ಬಿಯ ತುಂಬ ಓಡಾಡುತ್ತಿದ್ದವು.

"ಇವಕ್ಕೆ ಏನೂ ಆಗಿಲ್ಲವಲ್ಲಮ್ಮ."

ಸೊಣ್ಣಮ್ಮನಿಗೆ ನಾಚಿಕೆಯಾಯಿತು, ಬೆರಗೂ ಆಯಿತು. ಬಸ್ಸಿನ ಕುಲುಕಾಟಕ್ಕೆ ಎದ್ದಿರಬೇಕು, ಊರಲ್ಲಿ ಎಲ್ಲ ತಲೆ ಎತ್ತಿಕೊಂಡೇ ಸಾಯುತ್ತಿವೆ ಸ್ವಾಮಿ, ಎಂದಳು. ಫಣಿಭೂಷಣ್ ಯೋಚಿಸಿ, ಗಾಜಿನ ಬೀರುವಿನಿಂದ ಒಂದು ಪುಟ್ಟ ಭರಣಿ ತೆಗೆದರು. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ಪುಡಿ. ಡಿಸ್ಕಿನ ಬಿಲ್ಲೆಯ ಮೇಲೆ ಪ್ಲಾಟಿನಂ ಬೆರೆತ ಲೇಪ ಇರುತ್ತದಂತೆ. ಚಿಟಿಕೆ ಪುಡಿ ಸೊಪ್ಪಿನ ಮೇಲೆ ಉದುರಿಸಿದ್ದೇ ತಡ ಹುಳುಗಳು ಮುತ್ತಿಕೊಂಡವು. ಸೊಣ್ಣಮ್ಮನ ಟೀ ಆರುವ ಮೊದಲೇ ಒಂದು ಹುಳು ಡಬ್ಬಿಯ ಮೂಲೆಗೆ ಹೋಗಿ ಮೊದಲ ಎಳೆ ತೆಗೆಯಿತು.

ಫಣಿಭೂಷಣ್ ಅವರ ಮುಖ ಅರಳಿತು. ರೋಗ ಸಿಕ್ಕಿತು, ಎಂದರು. ಈ ಹುಳುವಿನ ನೂಲಿಗೆ ಕೊನೆಯಲ್ಲಿ ಒಂದಿಷ್ಟು ಹೆಚ್ಚು ಪ್ಲಾಟಿನಂ ಬೇಕು, ಅದು ಸಿಗದೆ ಎಲ್ಲ ಬಾಯಿ ತೆರೆದು ಕಾಯುತ್ತಿವೆ. ಹಲಗೆಯ ಪುಡಿಯಲ್ಲಿ ಸಾಲದು, ಡಿಸ್ಕೇ ಬೇಕು. ಆದರೆ ಡಿಸ್ಕು ಇದ್ದ ಕಂಪ್ಯೂಟರ್ ಈಗ ಎಲ್ಲಿದೆ? ಅವರ ಹತ್ತಿರ ಇದ್ದದ್ದು ಆ ಒಂದು ಭರಣಿ. ಅದರ ತಳ ಬಳಿದು ಉದುರಿಸಿದ್ದೂ ಆ ಹಿಡಿ ಹುಳುವಿಗೇ ಮುಗಿದಿತ್ತು. ಊರಲ್ಲಿ ಯಾರ ಅಟ್ಟದ ಮೇಲಾದರೂ ಇದ್ದರೆ ಹುಡುಕಿ, ನಾಳೆಯೊಳಗೆ ತಿನ್ನಿಸಿ, ಇಲ್ಲದಿದ್ದರೆ ಉಳಿಯುವುದಿಲ್ಲ, ಎಂದರು.

ಊರಲ್ಲಿ ಅಂಥ ಕಂಪ್ಯೂಟರ್ ಒಂದೇ ಒಂದಿತ್ತು. ಅದು ಅಕ್ಕಯ್ಯಮ್ಮನ ಮನೆಯಲ್ಲಿತ್ತು.

ಅಕ್ಕಯ್ಯಮ್ಮನ ಮನೆಗೂ ಸೊಣ್ಣಮ್ಮನ ಮನೆಗೂ ನಡುವೆ ಒಂದೇ ಗೋಡೆ. ಮಾತು ಮಾತ್ರ ಇರಲಿಲ್ಲ. ಒಂದು ಬೆಳೆಯಲ್ಲಿ ಸೊಣ್ಣಮ್ಮನ ಹುಳು ಇನ್ನೂ ಎಳೆಯದಾಗಿದ್ದಾಗ ಅಕ್ಕಯ್ಯಮ್ಮ ಮೆಣಸಿನಕಾಯಿ ಹುರಿದಳು. ಆ ಘಾಟಿಗೆ ಹುಳುವಷ್ಟೇ ಅಲ್ಲ, ಮೂರು ಹಳ್ಳಿಯ ಆಚೆ ಲಗ್ನದ ಮಂಟಪದಲ್ಲಿ ಪುರೋಹಿತರು ಮಂತ್ರ ಬಿಟ್ಟು ಸೀನಿದರು. ಅಂದಿನಿಂದ ಇಬ್ಬರೂ ಹೇಳಬೇಕಾದ್ದನ್ನು ಕೋಳಿಗಳಿಗೆ ಹೇಳುತ್ತಿದ್ದರು. ಗೋಡೆಯ ಆಚೆಯವರು ಕೇಳಿಸಿಕೊಳ್ಳುತ್ತಿದ್ದರು. ಎರಡು ಮನೆಯ ಕೋಳಿಗಳಿಗೂ ಊರಿನ ಅಷ್ಟೂ ಜಗಳ ಬಾಯಿಪಾಠವಾಗಿತ್ತು.

ಅಕ್ಕಯ್ಯಮ್ಮನಿಗೆ ಪದ್ಮಾವತಿ ಎಂಬ ಮಗಳಿದ್ದಳು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಕೂಗುವ ಕೆಲಸಕ್ಕೆ ಸೇರಬೇಕೆಂಬುದು ಅವಳ ಹಟ. ಅದಕ್ಕಾಗಿ ಆ ಹಳೆಯ ಕಂಪ್ಯೂಟರಿನ ಮುಂದೆ ಕೂತು ಕೂಗಿ ಕೂಗಿ ಧ್ವನಿ ತುಂಬಿಸಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಕೆಲಸದ ಕಾಗದ ಬರುವ ಮೊದಲೇ ಕಾಮಾಲೆ ಬಂದು ತೀರಿಕೊಂಡಳು. ಆಮೇಲೆ ದಿನಾ ಸಂಜೆ ದೀಪ ಹಚ್ಚಿದ ಕೂಡಲೇ ಅಕ್ಕಯ್ಯಮ್ಮ ಆ ಕಂಪ್ಯೂಟರ್ ಹಾಕುತ್ತಿದ್ದಳು. ಬೀದಿಗೆಲ್ಲ ಕೇಳುವಂತೆ ಪದ್ಮಾವತಿಯ ಧ್ವನಿ ಬರುತ್ತಿತ್ತು: "ಪ್ರಯಾಣಿಕರ ಗಮನಕ್ಕೆ. ಚಿಂತಾಮಣಿ ಮಾರ್ಗವಾಗಿ ಮದನಪಲ್ಲಿಗೆ ಹೋಗುವ ವಾಹನ ಹೊರಡಲು ಸಿದ್ಧವಾಗಿದೆ." ಸಂಜೆಯಾಯಿತೆಂದು ದನಗಳು ಅದನ್ನು ಕೇಳಿಯೇ ಕೊಟ್ಟಿಗೆಗೆ ಬರುತ್ತಿದ್ದವು. ಆ ಧ್ವನಿಯನ್ನು ಬೇರೆಡೆಗೆ ಇಳಿಸಿಕೊಡುತ್ತೇನೆಂದು ಬಂದ ಇಬ್ಬರು ಮೆಕ್ಯಾನಿಕ್ಕುಗಳನ್ನು, ಎಲ್ಲಿ ಅಳಿಸಿಬಿಡುತ್ತಾರೋ ಎಂದು, ಅವಳು ಹೊಸಿಲು ದಾಟಲು ಬಿಟ್ಟಿರಲಿಲ್ಲ.

ಹುಳು ಸಾಕುವ ಊರುಗಳಲ್ಲಿ ಒಂದು ಕಟ್ಟಳೆ ಇದೆ. ಕೊನೆಯ ಹಸಿವಿನ ಹುಳುವಿಗೆ ಮೇವು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ಬದ್ಧ ವೈರಿಯಾದರೂ ಸರಿ, ತನ್ನ ತೋಟದ ಸೊಪ್ಪಿಗೆ ಕೈ ತೋರಿಸಬೇಕು. ಸೊಣ್ಣಮ್ಮನಿಗೆ ಅದು ಗೊತ್ತಿತ್ತು. ಅದಕ್ಕೇ ಅವಳಿಗೆ ಹೋಗಲು ಕಾಲು ಬರಲಿಲ್ಲ. ಕೇಳಿದರೆ ಅಕ್ಕಯ್ಯಮ್ಮ ಇಲ್ಲವೆನ್ನುವಂತಿಲ್ಲ. ಇಲ್ಲವೆನ್ನಲಾಗದವರನ್ನು ಕೇಳುವುದೆಂದರೆ ಕಿತ್ತುಕೊಳ್ಳುವುದೇ. ಹಿತ್ತಿಲಲ್ಲಿ ನಿಂತು ಅವಳು ಕೋಳಿಗೆ ಹೇಳಲು ಬಾಯಿ ತೆರೆದಳು. ಕೈಗೆ ಸಿಕ್ಕ ಕಾಳು ಚೆಲ್ಲಿ ಬಾಯಿ ಮುಚ್ಚಿದಳು. ಹುಳುಮನೆಯ ಒಳಗಿನಿಂದ ಮಿಡತೆಯ ಸದ್ದು ಬಂತು. ಬೆಳಗಿನ ಸದ್ದು ಈಗ ಮಧ್ಯಾಹ್ನವೂ ಬರತೊಡಗಿತ್ತು.

ಸೊಣ್ಣಮ್ಮ ಸುತ್ತು ಹಾಕಿಕೊಂಡು ಮುಂಬಾಗಿಲಿಗೆ ಹೋದಳು. ಸೆರಗು ಒಡ್ಡಿ ನಿಂತು, ಹುಳು ಹಸಿದಾವೆ ಅಕ್ಕಾ, ಎಂದಳು. ಹುಳು ಏನು ಕೇಳುತ್ತಿವೆ ಎನ್ನುವುದನ್ನೂ ಹೇಳಿದಳು. ಹೇಳಿ ಮುಗಿಸುವವರೆಗೂ ಅಕ್ಕಯ್ಯಮ್ಮ ಮೊರದಲ್ಲಿನ ರಾಗಿಯಿಂದ ಕಣ್ಣೆತ್ತಲಿಲ್ಲ.

ಮೊರವನ್ನು ಕೆಳಗಿಟ್ಟು ಅಕ್ಕಯ್ಯಮ್ಮ ಕೇಳಿದಳು: "ಸಂಜೆಗಂಟ ತಡೀತಾವಾ?"

ತಡೆಯುತ್ತವೆ ಎಂದಳು ಸೊಣ್ಣಮ್ಮ.

ಆ ಸಂಜೆ ಪದ್ಮಾವತಿಯ ವಾಹನ ಮದನಪಲ್ಲಿಗೆ ಅದೆಷ್ಟು ಸಲ ಹೊರಡಲು ಸಿದ್ಧವಾಯಿತೋ. ಬೀದಿಯಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಕೊಟ್ಟಿಗೆಗೆ ಬಂದ ದನಗಳು ಮತ್ತೆ ಮತ್ತೆ ಹೊರಗೆ ಹೋಗಿ ಮತ್ತೆ ಮತ್ತೆ ಬಂದವು. ಕೊನೆಗೆ ಧ್ವನಿ ನಡುವೆ ನಿಂತಿತು. ಅಕ್ಕಯ್ಯಮ್ಮ ಕಂಪ್ಯೂಟರಿನ ಡಬ್ಬವನ್ನು ಮಗುವನ್ನು ಎತ್ತಿಕೊಂಡ ಹಾಗೆ ಸೊಂಟಕ್ಕೆ ಎತ್ತಿಕೊಂಡು ಬಂದು ಸೊಣ್ಣಮ್ಮನ ಒರಳಿನ ಪಕ್ಕ ಇಟ್ಟಳು. ಬಿಲ್ಲೆಗಳನ್ನು ಒರಳಿಗೆ ಹಾಕಿ ಒನಕೆಯನ್ನು ತಾನೇ ಹಿಡಿದಳು. ಬೇರೆಯವರು ಕುಟ್ಟುವುದು ಬೇಡವೆಂದಳು.

ಬೆಳಿಗ್ಗೆ ಆ ಪುಡಿಯನ್ನು ಬೆಲ್ಲದ ನೀರಿಗೆ ಕಲಸಿ, ಎಳೆಯ ಸೊಪ್ಪಿನ ಮೇಲೆ ಚಿಮುಕಿಸಿ, ಸೊಣ್ಣಮ್ಮ ಅಷ್ಟೂ ತಟ್ಟೆಗೆ ಹರಡಿದಳು. ಪಿಳ್ಳಮ್ಮ ಬಾಗಿಲಲ್ಲಿ ಕೈಮುಗಿದು ನಿಂತಳು. ಅಕ್ಕಯ್ಯಮ್ಮ ಅಂಗಳದಲ್ಲಿ ಕೂತಳು.

ಹುಳುಗಳು ತಲೆ ಇಳಿಸಲಿಲ್ಲ.

ಒಂದೇ ಒಂದು ಹುಳು ಒಂದೇ ಒಂದು ಎಲೆಗೆ ಬಾಯಿ ಹಾಕಲಿಲ್ಲ. ತಲೆ ಎತ್ತಿಕೊಂಡು, ಒಟ್ಟೊಟ್ಟಿಗೆ, ಬಿಟ್ಟು ಬಿಟ್ಟು ನಡುಗುತ್ತ ಕೂತವು. ಸೊಣ್ಣಮ್ಮ ಒಂದು ಹುಳುವನ್ನು ಕೈಯಲ್ಲಿ ಎತ್ತಿ ಎಲೆಯ ಮೇಲಿಟ್ಟಳು, ಅದರ ಬಾಯಿಗೆ ಎಲೆಯ ಅಂಚು ಹಿಡಿದಳು, ಬೇಡಿಕೊಂಡಳು, ಬೈದಳು. ಲೋಕದಲ್ಲಿ ಇರುವ ದೇವರನ್ನೆಲ್ಲ ಕರೆದಳು, ಇಲ್ಲದ ಒಂದಿಬ್ಬರನ್ನೂ ಕರೆದಳು. ಫಣಿಭೂಷಣ್ ಅವರಿಗೆ ಫೋನು ಮಾಡಿದರೆ, ಹಾಗಾಗಲು ಸಾಧ್ಯವೇ ಇಲ್ಲ, ಎಂದರು, ಅಷ್ಟೇ.

ಆಗ ನಡುಕ ನಿಧಾನವಾಯಿತು. ಸೊಣ್ಣಮ್ಮ ಅದನ್ನು ಕಂಡಳು. ಹುಳುಗಳ ಮೈ ಒಮ್ಮೆ ಅದುರಿ, ಮತ್ತೊಮ್ಮೆ ಅದುರಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಸಾಯುತ್ತಿವೆ ಎಂದು ಹೇಳಲು ಗಂಡನ ಕಡೆ ತಿರುಗಿದಳು. ಮಂಚದ ಮೇಲೆ ಗಂಗುಲಪ್ಪನ ತುಟಿ ನೀಲಿಯಾಗಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು.

ಪಿಳ್ಳಮ್ಮ ಕೂಗಿದ್ದು ಕೇಳಿ ಬೀದಿಯ ಗಂಡಸರೆಲ್ಲ ಬಂದರು. ಮಂಚ ಸಮೇತ ಅವನನ್ನು ಎತ್ತಿ, ಬಾಗಿಲಿನಲ್ಲಿ ತಿರುಗಿಸಿ, ಅಂಗಳ ದಾಟಿಸಿ, ರಸ್ತೆಯಲ್ಲಿ ನಿಂತ ಗೂಡಿನ ಟೆಂಪೊಗೆ ಏರಿಸಿದರು. ಸೊಣ್ಣಮ್ಮ ಅವನ ಅಂಗಿ, ಆಸ್ಪತ್ರೆಯ ಚೀಟಿ ತೆಗೆದುಕೊಳ್ಳಲು ಹುಳುಮನೆಗೆ ಓಡಿಬಂದಳು.

ಒಳಗೆ ಕಾಲಿಟ್ಟವಳಿಗೆ ಒಂದು ಸದ್ದು ಕೇಳಿಸಿತು. ಮೊದಲು ಎಲ್ಲೋ ಒಬ್ಬರು ಹಪ್ಪಳ ಮುರಿದ ಹಾಗೆ. ಆಮೇಲೆ ಒಂದು ಪಂಕ್ತಿ. ಆಮೇಲೆ ಹತ್ತು ಮದುವೆ. ಅಷ್ಟೂ ತಟ್ಟೆಗಳಲ್ಲಿ ಅಷ್ಟೂ ಹುಳುಗಳು ತಲೆ ಇಳಿಸಿ ತಿನ್ನುತ್ತಿದ್ದವು. ನಡುಕ ಇರಲಿಲ್ಲ. ಮೇಲಿನ ತಟ್ಟೆಯಲ್ಲಿ ಕೆಲವು ಆಗಲೇ ಹಣ್ಣಾಗಿ, ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿ, ಎಳೆ ಕಟ್ಟಲು ಜಾಗ ಹುಡುಕುತ್ತಿದ್ದವು.

ಸೊಣ್ಣಮ್ಮ ಮಂಚ ಇದ್ದ ಬರಿ ಜಾಗವನ್ನು ನೋಡಿದಳು. ಡಬ್ಬಿಯಲ್ಲಿ ಹುಳು ಬಸ್ಸು ಹತ್ತಿದಮೇಲೆ ತಲೆ ಇಳಿಸಿದ್ದು, ಪರದೆಯ ಮೇಲಿನ ಮುಳ್ಳುಗಳು, ಮಂಚ ನಡುವಿಗೆ ಎಳೆದಾಗ ನಡುಕ ಹೆಚ್ಚಿದ್ದು, ಎಲ್ಲ ಒಂದರ ಹಿಂದೊಂದು ಬಂದು ನಿಂತವು. ಜ್ವರವೂ ಇರಲಿಲ್ಲ, ಹಸಿವೂ ಇರಲಿಲ್ಲ. ಹುಳುಗಳ ಹೊಟ್ಟೆಯ ತುಂಬ ತಾಮ್ರದ ನೂಲು, ಒಂದೊಂದೂ ಒಂದು ಏರಿಯಲ್ ತಂತಿ. ನಡುವೆ ಮಲಗಿದ ಗಂಡನ ಎದೆ ಬಡಿತಕ್ಕೊಮ್ಮೆ ಬೆಂಗಳೂರಿಗೆ ಸುದ್ದಿ ಕಳಿಸುತ್ತಿತ್ತು. ಬೆಂಗಳೂರಿಗಿಂತ ಮೊದಲು ಅದು ಇವಕ್ಕೆ ತಗಲುತ್ತಿತ್ತು. ಬಾಯಿ ಮುಚ್ಚಿಸಿ ಮಲಗಿಸಿದರೂ ಅವನು ಮಾತಾಡುತ್ತಲೇ ಇದ್ದ. ಹುಳುಗಳು ಊಟ ಬಿಟ್ಟು ಕೇಳುತ್ತಿದ್ದವು.

ಅವನನ್ನು ಪಡಸಾಲೆಗೆ ಮಲಗಿಸಿದ್ದರೆ ಸಾಕಿತ್ತು.

ಬಾಗಿಲಲ್ಲಿ ಅಕ್ಕಯ್ಯಮ್ಮ ನಿಂತಿದ್ದಳು. ಹೊರಗೆ ಟೆಂಪೊದವನು ಹಾರನ್ ಹೊಡೆಯುತ್ತಿದ್ದ. ಹಣ್ಣಾದ ಹುಳುವನ್ನು ಆಗಿಂದಾಗಲೇ ಆರಿಸಿ, ಗೂಡು ಕಟ್ಟಲು ಹೆಣೆದ ಬಿದಿರಿನ ಚಂದ್ರಿಕೆಗೆ ಹಾಕದಿದ್ದರೆ ತಟ್ಟೆಯಲ್ಲೇ ನೂಲು ಕಕ್ಕಿ ಹಾಳುಮಾಡುತ್ತವೆ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಬಿಟ್ಟು ಹೋದರೆ ಹುಳು ಹೋಗುತ್ತದೆ, ನಿಂತರೆ ಗಂಡ ಒಬ್ಬನೇ ಹೋಗುತ್ತಾನೆ. ಅಕ್ಕಯ್ಯಮ್ಮನ ಮುಖ ನೋಡಿದ ಸೊಣ್ಣಮ್ಮನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನಿನ್ನ ಮ್ಯಾಲೆ ಆಣೆ ಅಕ್ಕಾ, ಗೊತ್ತಿರ್ಲಿಲ್ಲ. ಡಿಸ್ಕು ಬೇಕಾಗಿರ್ಲಿಲ್ಲ. ಅವನನ್ನ ಈಚೆಗಾಕಿದ್ರೆ ತಿಂತಿದ್ವು."

ಅಕ್ಕಯ್ಯಮ್ಮ ತಟ್ಟೆಗಳ ಕಡೆ ನೋಡಿದಳು. ಮಗಳ ಧ್ವನಿ ಇದ್ದ ಪುಡಿಯನ್ನು ಹುಳುಗಳು ಚಪ್ಪರಿಸಿಕೊಂಡು ತಿನ್ನುತ್ತಿದ್ದವು. ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಸೊಣ್ಣಮ್ಮ ಏಟಿಗೆ ಕಾದಳು. ಹೊಡೆದಿದ್ದರೆ ಹಗುರಾಗುತ್ತಿತ್ತು.

"ನೀನು ಗಾಡಿ ಹತ್ತು," ಎಂದಳು ಅಕ್ಕಯ್ಯಮ್ಮ, ಗೋಡೆಯ ಕಡೆ ನೋಡುತ್ತ. "ಚಂದ್ರಿಕೆ ಎಲ್ಲಿಟ್ಟಿದ್ದೀಯ?"

ಆ ಹಗಲೆಲ್ಲ ಅವಳು ಹುಳು ಆರಿಸಿದಳಂತೆ. ಬೀದಿಯ ಹೆಂಗಸರೆಲ್ಲ ಸೇರಿದರೂ ಅವಳ ಎರಡು ಕೈಗಳೇ ಎಲ್ಲ ತಟ್ಟೆಯಲ್ಲೂ ಇದ್ದವಂತೆ. ಯಾರ ಜೊತೆಯೂ ಮಾತಾಡಲಿಲ್ಲವಂತೆ, ಕೋಳಿಯ ಜೊತೆಯೂ.

ಆಸ್ಪತ್ರೆಯಲ್ಲಿ ಗಂಗುಲಪ್ಪನ ಕುತ್ತಿಗೆಯಿಂದ ಒಂದು ತಂತಿ ಇಳಿಸಿ, ಹೊರಗಿನ ಯಂತ್ರಕ್ಕೆ ಕಟ್ಟಿ ಗುಂಡಿಗೆ ನಡೆಸಿದರು. ಆ ವಾರ್ಡಿಗೆಲ್ಲ ಅಂಥ ಯಂತ್ರ ಒಂದೇ. ಅದಕ್ಕಾಗಿ ಕಾದು ಕೂತವರ ಮನೆಯವರು ಸೊಣ್ಣಮ್ಮನನ್ನು ದಿನಾ ಬಂದು ನೋಡಿ, ಏನೂ ಕೇಳದೆ ಹೋಗುತ್ತಿದ್ದರು. ಗೂಡು ಬಲಿತು ಬರುವವರೆಗಿನ ಆ ದಿನಗಳಲ್ಲಿ ಅವಳ ತಲೆಯ ಕೂದಲು ಒಂದು ಕಡೆಯಿಂದ ಹಂಚಿನ ಮೇಲೆ ಹಿಮ ಬಿದ್ದಂತೆ ಬೆಳ್ಳಗಾಯಿತು. ಇದು ಮಾತ್ರ ಹೆಚ್ಚಿಸಿ ಹೇಳಿದ್ದಲ್ಲ.

ಗೂಡು ಬಂತು. ಕೇಂದ್ರದಲ್ಲಿ ಬಿಸಿನೀರಿಗೆ ಹಾಕಿ ಎಳೆ ಬಿಚ್ಚಿದರು. ತವರ ಹೋಯಿತು, ತಾಮ್ರ ಹೋಯಿತು, ಬಂಗಾರ ಹೋಯಿತು. ಒಳಪೊರೆಗಳನ್ನೆಲ್ಲ ಕರಗಿಸಿದಾಗ ಅಕ್ಕಿಯ ನುಚ್ಚಿನಷ್ಟು ಒಂದು ಬೆಳ್ಳಿಬಣ್ಣದ ಗುಂಡು ಉಳಿಯಿತು. ತಬಸ್ಸುಮ್ ಗುಂಡಿ ಒತ್ತಿ ಹಳೆಯ ಗೆರೆಯನ್ನು ಸೋಸದೆ ಮತ್ತೆ ತೋರಿಸಿದಳು. ಟಕ್, ಟಕ್ ಎಂಬ ಆ ಮುಳ್ಳುಗಳನ್ನು ಫಣಿಭೂಷಣ್ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಮತ್ತೆ ಕೂರಲಿಲ್ಲ, ನಿಂತೇ ಇದ್ದರು.

ಈ ಗುಂಡಿನಲ್ಲಿ ಅಕ್ಕಯ್ಯಮ್ಮನ ಡಿಸ್ಕಿನದೆಷ್ಟು, ಹಲಗೆಯ ಪುಡಿಯದೆಷ್ಟು, ಅದು ಇಲ್ಲದೆಯೂ ಸಾಲುತ್ತಿತ್ತೆ ಎಂದು ಸೊಣ್ಣಮ್ಮ ಕೇಳಿದಳು. ಕರಗಿ ಒಂದಾದಮೇಲೆ ಅದನ್ನು ಹೇಳಲು ಯಾರಿಂದಲೂ ಆಗುವುದಿಲ್ಲಮ್ಮ, ಎಂದರು ಅವರು.

ಗಂಗುಲಪ್ಪ ಆ ಗುಂಡು ಸೇರಿದ ಹೊಸ ಡಬ್ಬಿಯೊಂದಿಗೆ ಊರಿಗೆ ಬಂದ. ಹಳೆಯದನ್ನು ಅದೇ ವಾರ್ಡಿನ ಇನ್ನೊಬ್ಬರ ಹುಳುವಿಗೆ ಕೊಟ್ಟುಬಂದಿದ್ದರು. ಟೆಂಪೊ ಇಳಿದ ಕೂಡಲೇ ಅವನು ಮಾತು ಶುರುಮಾಡಿದ. ತಾನು ಯಮನ ಹತ್ತಿರ ಹೋಗಿದ್ದೆ, ಅವನು ತನ್ನ ಮಾತು ತಡೆಯಲಾರದೆ ವಾಪಸ್ಸು ಕಳಿಸಿದ, ಎಂದು ಅಂಗಳದಲ್ಲಿ ಸೇರಿದವರಿಗೆಲ್ಲ ಹೇಳಿದ. ಜನ ನಕ್ಕರು. ಸೊಣ್ಣಮ್ಮ ಗೋಡೆಯ ಆಚೆ ಕಿವಿಯಿಟ್ಟಿದ್ದಳು. ಆಚೆ ಏನೂ ಇರಲಿಲ್ಲ. ಸಂಜೆಯಾಯಿತು, ದೀಪ ಹಚ್ಚಿದರು. ದನಗಳು ಕೊಟ್ಟಿಗೆಗೆ ಬರದೆ ರಸ್ತೆಯಲ್ಲೇ ನಿಂತುಕೊಂಡವು.

ಆಗ ಅಕ್ಕಯ್ಯಮ್ಮ ಬಂದಳು. ಹಿತ್ತಿಲಿನಿಂದಲ್ಲ, ಮುಂಬಾಗಿಲಿನಿಂದ. ಸೊಣ್ಣಮ್ಮ ಮಣೆ ಹಾಕಿದಳು. ಅವಳು ಅದರ ಮೇಲೆ ಕೂರದೆ ನೇರವಾಗಿ ಗಂಗುಲಪ್ಪನ ಮಂಚದ ಹತ್ತಿರ ಹೋಗಿ ನಿಂತಳು.

ಗಂಗುಲಪ್ಪನಿಗೆ ಎಲ್ಲ ತಿಳಿದಿತ್ತು. ಏನಾದರೂ ಹೇಳಿ ಅವಳಿಗೆ ಸಮಾಧಾನ ಮಾಡಬೇಕೆಂದು, ದಿನಾ ಗೋಡೆಯ ಆಚೆಯಿಂದ ಕೇಳಿ ಬಾಯಿಪಾಠವಾಗಿದ್ದನ್ನು, ಆದಷ್ಟು ಮೆಲ್ಲಗೆ ಶುರುಮಾಡಿದ: "ಪ್ರಯಾಣಿಕರ ಗಮನಕ್ಕೆ..."

"ನೀನು ಬಾಯ್ಮುಚ್ಕೊಳ್ಳಪ್ಪ," ಎಂದಳು ಅಕ್ಕಯ್ಯಮ್ಮ.

ಅವನು ಮುಚ್ಚಿದ. ಅವಳು ಮಂಚದ ಪಕ್ಕ ನೆಲದಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಅವನ ಎದೆಯ ಹೊಲಿಗೆಯ ಗಾಯಕ್ಕೆ ತಾಗದಂತೆ ನಿಧಾನವಾಗಿ ಕಿವಿ ಇಟ್ಟಳು. ಹೊರಗೆ ದನದ ಗಂಟೆ ಒಂದು ಅಲುಗಿತು. ಪಿಳ್ಳಮ್ಮ ಕೆಮ್ಮು ನುಂಗಿಕೊಂಡಳು. ಸೊಣ್ಣಮ್ಮ ದೀಪದ ಪಕ್ಕ ನಿಂತೇ ಇದ್ದಳು.

ಗಂಗುಲಪ್ಪ ತಡೆಯಲಾರದೆ, ಏನಾದ್ರೂ ಕೇಳ್ತೈತಾ ಅಕ್ಕಾ, ಎಂದು ಪಿಸುಗುಟ್ಟಿದ.

ಅಕ್ಕಯ್ಯಮ್ಮ ಕಣ್ಣು ತೆರೆಯಲಿಲ್ಲ.

"ಸುಮ್ಕಿರು. ಮದನಪಲ್ಲಿ ಗಾಡಿ ಹೊರಡ್ತಾ ಐತೆ."